ನಿಮಗಿದು ಗೊತ್ತೇ? ಹೊಟ್ಟೆಯೊಳಗಿನ ಉಡಿದಾರ

ತೂಕ ಇಳಿಸಲೆಂದು ಜಠರದ ಮೇಲ್ಭಾಗಕ್ಕೆ ಸುತ್ತುವ ಸಿಲಿಕೋನ್ ಪಟ್ಟಿಯೇ ಗ್ಯಾಸ್ಟ್ರಿಕ್ ಬ್ಯಾಂಡ್. ಮಗುವಿನ ಸೊಂಟದ ಉಡಿದಾರದಂತೆ ಇದನ್ನೂ ಬೇಕಾದಾಗ ಸಡಿಲಿಸಬಹುದು, ಬಿಗಿ ಮಾಡಬಹುದು. 1986ರಲ್ಲಿ ಇಂಥ ಪಟ್ಟಿಯನ್ನು ಅಮೆರಿಕದಲ್ಲಿ ಬಳಕೆಗೆ ತಂದವರು ಉಕ್ರೇನ್ ಮೂಲದ ಸರ್ಜನ್ ಲುಬೊಮಿರ್ ಕುಜ್ಮಾಕ್. ಅದನ್ನೇ ಲ್ಯಾಪರೋಸ್ಕೋಪಿಯಲ್ಲಿ, ಸಣ್ಣ ರಂಧ್ರಗಳ ಮೂಲಕ ಹಾಕಿ ತೋರಿಸಿದವರು ಇಥಿಯೋಪಿಯಾ ಮೂಲದ ಮಿತಿಕು ಬೆಲಾಚೆವ್, 1993ರಲ್ಲಿ, ಬೆಲ್ಜಿಯಂನಲ್ಲಿ.

ಬಿಗಿ ಮಾಡುವುದು ಹೇಗೆ ಗೊತ್ತೇ? ಹೊಟ್ಟೆಯ ಚರ್ಮದಡಿ ‘ಪೋರ್ಟ್’ ಎಂಬ ಪುಟ್ಟ ಬಿಲ್ಲೆಯನ್ನು ಹೊಲಿದಿರುತ್ತಾರೆ. ಅಲ್ಲಿಂದ ಪಟ್ಟಿಯವರೆಗೆ ಒಂದು ಸಣ್ಣ ಕೊಳವೆ. ವೈದ್ಯರು ಬೆರಳಲ್ಲಿ ತಡವಿ ಪೋರ್ಟ್ ಹುಡುಕಿ, ಸೂಜಿ ಚುಚ್ಚಿ, ಸ್ವಲ್ಪ ಸ್ವಲ್ಪವೇ ಸಲೈನ್ ತುಂಬುತ್ತಾರೆ. ಆಮೇಲೆ ರೋಗಿ ಎದ್ದು ಕೂತು ನೀರು ಕುಡಿಯಬೇಕು. ಸಲೀಸಾಗಿ ಇಳಿದರೆ ಮನೆಗೆ ಹೊರಡಬಹುದು. ಎದೆಯಲ್ಲೇ ನಿಂತಂತಾದರೆ ಮತ್ತೆ ಸೂಜಿ, ಸ್ವಲ್ಪ ಸಲೈನ್ ವಾಪಸ್. ಮಾಮೂಲಿ ಸೂಜಿ ಇದಕ್ಕೆ ಆಗದು. ಪೋರ್ಟಿನ ಮೇಲ್ಪದರವನ್ನು ಕೊರೆದು ಹಾಳುಮಾಡದ ಹ್ಯೂಬರ್ ಸೂಜಿಯೇ ಬೇಕು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ‘ಲ್ಯಾಪ್‌ಬ್ಯಾಂಡ್’ ಹೆಸರಿನ ಗ್ಯಾಸ್ಟ್ರಿಕ್ ಬ್ಯಾಂಡ್‌ಗೆ ಒಪ್ಪಿಗೆ ಕೊಟ್ಟಿತು. 2011ರಲ್ಲಿ ಅಲ್ಲಿ ನಡೆದ ತೂಕ ಇಳಿಕೆಯ ಆಪರೇಷನ್‌ಗಳಲ್ಲಿ ಮೂರರಲ್ಲೊಂದು ಬ್ಯಾಂಡ್. 2018ರ ಹೊತ್ತಿಗೆ ಅದರ ಪಾಲು ಶೇ 1ರ ಆಸುಪಾಸಿಗೆ ಕುಸಿದಿತ್ತು.

ಏಕೆ? ಬ್ರಸೆಲ್ಸ್‌ನ ವೈದ್ಯರು ಬ್ಯಾಂಡ್ ಹಾಕಿ 12 ವರ್ಷ ದಾಟಿದವರನ್ನು ಮತ್ತೆ ಕರೆಸಿ ಪರೀಕ್ಷಿಸಿ, 2011ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಪಟ್ಟಿಯನ್ನು ಅಷ್ಟರಲ್ಲಿ ತೆಗೆಯಬೇಕಾಗಿ ಬಂದಿತ್ತು. ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್‌ನಡಿ 2006ರಿಂದ 2013ರ ನಡುವೆ ಬ್ಯಾಂಡ್ ಹಾಕಿಸಿಕೊಂಡ 25,042 ಜನರ ಲೆಕ್ಕ ತೆಗೆದಾಗ, ಶೇ 18.5 ಮಂದಿ ಬ್ಯಾಂಡಿನ ಕಾರಣಕ್ಕೇ ಮತ್ತೆ ಆಪರೇಷನ್ ಟೇಬಲ್ ಏರಿದ್ದರು. ಅದೂ ಒಂದು ಸಲವಲ್ಲ, ಸರಾಸರಿ ನಾಲ್ಕು ಸಲದ ಹತ್ತಿರ.

ಇಷ್ಟೆಲ್ಲ ಗೊತ್ತಿದ್ದೂ, ಇಳಿದ ತೂಕ ಮರಳಿ ಬಂದವರಿಗೆ ‘ನೀವೇ ಬಾಯಿ ಕಟ್ಟಲಿಲ್ಲ’ ಎಂದು ಹೇಳುವವರಿಗೇನೂ ಕಡಿಮೆಯಿಲ್ಲ. ಇದು ಅನ್ಯಾಯ. ಪಟ್ಟಿ ತೀರಾ ಬಿಗಿಯಾದಾಗ ಚಪಾತಿ, ಉದುರು ಅನ್ನ, ಮಾಂಸದ ತುಂಡು ಗಂಟಲು ದಾಟಿದರೂ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಬಾಯಲ್ಲಿ ನೊರೆನೊರೆ ಜೊಲ್ಲು ತುಂಬುತ್ತದೆ, ಊಟದ ನಡುವೆಯೇ ಎದ್ದು ಬಚ್ಚಲಿಗೆ ಓಡಬೇಕು. ಐಸ್‌ಕ್ರೀಂ, ಪಾಯಸ, ಮಿಲ್ಕ್‌ಶೇಕ್ ಮಾತ್ರ ತೊಂದರೆ ಕೊಡದೆ ಜಾರಿ ಇಳಿಯುತ್ತವೆ. ಹಸಿದವರು ಯಾವುದರ ಕಡೆ ಕೈ ಚಾಚುತ್ತಾರೆ ಹೇಳಿ. ತೂಕ ಇಳಿಸಲು ಹಾಕಿದ ಸಾಧನವೇ ಸಿಹಿಯ ಕಡೆ ತಳ್ಳಿದರೆ ಅದಕ್ಕೆ ರೋಗಿಯನ್ನು ದೂರುವುದು ಯಾವ ನ್ಯಾಯ?

ಪಟ್ಟಿ ಕೈಕೊಡುವ ಬಗೆಗಳು ಹಲವು. ಕೆಳಗಿನ ಜಠರ ಪಟ್ಟಿಯೊಳಗಿಂದ ಮೇಲಕ್ಕೆ ನುಗ್ಗಬಹುದು. ಇದಕ್ಕೆ ‘ಸ್ಲಿಪ್’ ಎನ್ನುತ್ತಾರೆ. ಪಟ್ಟಿ ಮೆಲ್ಲಗೆ ಜಠರದ ಗೋಡೆಯನ್ನೇ ಕೊರೆದು ಒಳಕ್ಕೆ ಇಳಿಯಬಹುದು. ಅನ್ನನಾಳ ಹಿಗ್ಗಿ ತನ್ನ ಬಲ ಕಳೆದುಕೊಳ್ಳಬಹುದು. ಕೊಳವೆ ಸೋರಬಹುದು.

ಎಷ್ಟೋ ವರ್ಷ ಸುಮ್ಮನಿದ್ದ ಪೋರ್ಟಿನ ಜಾಗ ಇದ್ದಕ್ಕಿದ್ದಂತೆ ಕೆಂಪಗಾಗಿ ಕೀವು ತುಂಬಿದರೆ ಅದನ್ನು ಬರೀ ಚರ್ಮದ ಸೋಂಕು ಎಂದು ಬಿಡಬಾರದು. ಒಳಗೆ ಪಟ್ಟಿ ಜಠರವನ್ನು ಕೊರೆದಿರುವುದರ ಮೊದಲ ಸುಳಿವು ಅದಾಗಿರಬಹುದು. ಎಂಡೋಸ್ಕೋಪಿ ಮಾಡಿದರೆ ಜಠರದೊಳಗೆ ಬಿಳಿ ಸಿಲಿಕೋನ್ ಕಣ್ಣಿಗೇ ಕಾಣುತ್ತದೆ. ಸಾಕಷ್ಟು ಒಳಬಂದ ಪಟ್ಟಿಯನ್ನು ಕೆಲವೊಮ್ಮೆ ತಂತಿಯಿಂದ ತುಂಡರಿಸಿ ಬಾಯಿಯ ಮೂಲಕವೇ ತೆಗೆಯುವುದೂ ಉಂಟು.

ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಉಗುಳನ್ನೂ ನುಂಗಲಾಗದ ಸ್ಥಿತಿ: ಬ್ಯಾಂಡ್ ಇದ್ದವರಲ್ಲಿ ಇದು ತುರ್ತು. ಮೊದಲ ಕೆಲಸ, ಪೋರ್ಟಿಗೆ ಸೂಜಿ ಹಾಕಿ ಸಲೈನ್ ಅಷ್ಟನ್ನೂ ಹೊರತೆಗೆಯುವುದು. ತಡವಾದರೆ ಸಿಕ್ಕಿಕೊಂಡ ಜಠರಕ್ಕೆ ರಕ್ತ ಹರಿಯದೆ ಆ ಭಾಗ ಸತ್ತೇ ಹೋಗಬಹುದು.

ಪಟ್ಟಿ ತೆಗೆದು ಸುಮ್ಮನಿದ್ದರಾಗದೇ? ಆಗುತ್ತದೆ, ಆದರೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ, ಅದರ ಬೆನ್ನಿಗೇ ಸಕ್ಕರೆ ಕಾಯಿಲೆ, ಬಿಪಿ. ಹಾಗಾಗಿ ಬೇರೆ ಆಪರೇಷನ್‌ಗೆ ಬದಲಾಯಿಸುವ ಮಾತು ಬರುತ್ತದೆ.

ಮುಖ್ಯ ದಾರಿಗಳು ಎರಡು. ಒಂದು ಸ್ಲೀವ್: ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಉದ್ದನೆಯ ಕೊಳವೆಯಷ್ಟೇ ಉಳಿಸುವುದು. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಆ ಕತ್ತರಿಸಿದ ಭಾಗದಲ್ಲೇ. ಇನ್ನೊಂದು ಬೈಪಾಸ್: ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ನೇರ ಜೋಡಿಸುವುದು. ಇದರ ಮೂಲ 1960ರ ದಶಕದಷ್ಟು ಹಿಂದಿನದು. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಶುರು ಮಾಡಿದ್ದು.

ಎದೆಯುರಿ, ಹುಳಿತೇಗು ಜೋರಾಗಿರುವವರಿಗೆ ಸಾಮಾನ್ಯವಾಗಿ ಬೈಪಾಸೇ ವಾಸಿ. ಸ್ಲೀವ್ ಆ ಉರಿಯನ್ನು ಹೆಚ್ಚಿಸುವ ಸಂಭವವಿದೆ. ‘ಸ್ಲೀವ್ ಸುಲಭ, ಅದೇ ಮಾಡಿಸಿ’ ಎಂಬ ಸಲಹೆಗೆ ತಲೆಯಾಡಿಸುವ ಮೊದಲು ಎಂಡೋಸ್ಕೋಪಿಯ ಜೊತೆಗೆ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಆಗಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಬ್ಯಾಂಡ್ ಮಾರುವಾಗ ಹೇಳುತ್ತಿದ್ದ ದೊಡ್ಡ ಮಾತು, ‘ಬೇಡವೆಂದರೆ ತೆಗೆದುಬಿಡಬಹುದು, ಹೊಟ್ಟೆ ಮೊದಲಿನಂತೆಯೇ ಇರುತ್ತದೆ’. ಪಟ್ಟಿಯನ್ನೇನೋ ತೆಗೆಯಬಹುದು, ಅದು ಬಿಟ್ಟುಹೋದ ಗಾಯದ ಗಡಸು ಪದರ ಅಲ್ಲೇ ಉಳಿಯುತ್ತದೆ. ಸ್ಲೀವ್‌ನಲ್ಲಿ ಹೊಲಿಗೆ ಸೋರುವ ಭಯ ಹೆಚ್ಚಿರುವುದು ಅನ್ನನಾಳ ಜಠರಕ್ಕೆ ಸೇರುವ ಮೇಲ್ತುದಿಯಲ್ಲಿ. ಪಟ್ಟಿ ಕೂತಿದ್ದುದೂ ಅಲ್ಲಿಯೇ! ಆದ್ದರಿಂದ ಸರ್ಜನ್ ಆ ಗಡಸು ಪದರವನ್ನು ನಾಜೂಕಾಗಿ ಬಿಡಿಸಬೇಕು, ಪಟ್ಟಿ ಜಾರದಿರಲೆಂದು ಹಿಂದೆ ಜಠರವನ್ನು ಮಡಿಸಿ ಹಾಕಿದ್ದ ಹೊಲಿಗೆಗಳನ್ನು ಬಿಚ್ಚಿ ಮಡಿಕೆಯನ್ನು ನೇರ ಮಾಡಬೇಕು. ಮಡಿಕೆಯ ಮೇಲೇ ಸ್ಟೇಪ್ಲರ್ ಒತ್ತಿದರೆ ಪಿನ್ನು ಸರಿಯಾಗಿ ಕಚ್ಚುವುದಿಲ್ಲ. ಇದನ್ನು ಮೊದಲ ಸಲದ ಆಪರೇಷನ್‌ನಷ್ಟು ಸಲೀಸೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪಾಯ ಹೆಚ್ಚು, ಇಳಿಯುವ ತೂಕವೂ ಸಾಮಾನ್ಯವಾಗಿ ಸ್ವಲ್ಪ ಕಡಿಮೆ.

ಪಟ್ಟಿ ತೆಗೆಯುವುದು, ಹೊಸ ಆಪರೇಷನ್ ಮಾಡುವುದು, ಒಂದೇ ಸಲಕ್ಕೆ ಎರಡೂ ಕೆಲಸ ಮುಗಿಸಬಹುದೇ? ಪಟ್ಟಿ ಬರೀ ಫಲ ಕೊಡದೆ ಹೋಗಿದ್ದರೆ ಎಷ್ಟೋ ಕಡೆ ಮುಗಿಸುತ್ತಾರೆ. ಜಠರವನ್ನು ಕೊರೆದಿದ್ದರೆ ಮೊದಲು ತೆಗೆದು, ಗಾಯ ಮಾಯಲು ಕೆಲವು ತಿಂಗಳು ಕಾಯುವುದೇ ರೂಢಿ.

ಪಟ್ಟಿ ಬಿಗಿಯಾಗಿ ವಾರಗಟ್ಟಲೆ ವಾಂತಿ ಮಾಡಿಕೊಂಡವರಲ್ಲಿ ಬಿ1 ವಿಟಮಿನ್ ಬರಿದಾಗಿರಬಹುದು. ಅದನ್ನು ಕೊಡದೆ ಗ್ಲೂಕೋಸ್ ಡ್ರಿಪ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಬೈಪಾಸ್ ಆದ ಮೇಲಂತೂ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪರ್ಯಂತ.

2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ 27.5 ದಾಟಿದರೇ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತಾಡಬಹುದು ಎನ್ನುತ್ತದೆ. ನಮ್ಮ ಆರೋಗ್ಯ ವಿಮೆಗಳ ಪ್ರಮಾಣಿತ ಷರತ್ತಿನಲ್ಲಿ ಮಾತ್ರ ಬಿಎಂಐ 40, ಇಲ್ಲವೇ ಗಂಭೀರ ಜೊತೆಕಾಯಿಲೆ ಇದ್ದು 35. ಈ ಅಂತರದ ಬಗ್ಗೆ ನಿಯಂತ್ರಕರು ಯೋಚಿಸಲೇಬೇಕು.

ಪರದೇಶದಲ್ಲಿ ಬ್ಯಾಂಡ್ ಹಾಕಿಸಿಕೊಂಡು ಊರಿಗೆ ಮರಳಿದವರು ಹಳೆಯ ಆಪರೇಷನ್ ಟಿಪ್ಪಣಿ ಜೋಪಾನ ಮಾಡಿಕೊಳ್ಳಿ: ಯಾವ ಕಂಪನಿಯ ಪಟ್ಟಿ, ಒಳಗೆ ಎಷ್ಟು ಮಿಲಿಲೀಟರ್ ಸಲೈನ್, ಕಡೆಯದಾಗಿ ತುಂಬಿದ್ದು ಯಾವಾಗ. ಕಳೆದುಹೋಗಿದ್ದರೆ ಗಾಬರಿ ಬೇಡ. ಪಟ್ಟಿ, ಪೋರ್ಟ್ ಎರಡೂ ಸಾಮಾನ್ಯ ಎಕ್ಸ್‌ರೇಯಲ್ಲೇ ಕಾಣುತ್ತವೆ.