ಬಣ್ಣ ಅಲ್ಲಾಹನ ಸೃಷ್ಟಿ, ಶುಚಿತ್ವ ನಮ್ಮ ಹೊಣೆ

ಸೌಂದರ್ಯದ ವಿಷಯದಲ್ಲಿ ನಮ್ಮ ನಡುವೆ ಎರಡು ತಪ್ಪು ತಿಳಿವಳಿಕೆಗಳಿವೆ. ಮಾಸಿದ ಬಟ್ಟೆ, ಕೆದರಿದ ಕೂದಲು ಇವೇ ಭಕ್ತಿಯ ಗುರುತು ಎಂದು ಕೆಲವರು ತಿಳಿದಿದ್ದಾರೆ. ಮದುವೆಯ ಮಾತುಕತೆ ಬಂತೆಂದರೆ ಹುಡುಗಿಯ ಮೈಬಣ್ಣವೊಂದೇ ಸೌಂದರ್ಯ ಎಂದು ಬಹಳಷ್ಟು ಮಂದಿ ತಿಳಿದಿದ್ದಾರೆ. ಮೊದಲನೆಯದು ಅಲ್ಲಾಹನು ಕೊಟ್ಟ ಅನುಗ್ರಹವನ್ನು ನಿರಾಕರಿಸುತ್ತದೆ. ಎರಡನೆಯದು ಅವನ ಸೃಷ್ಟಿಯನ್ನೇ ಹೀನಾಯಗೊಳಿಸುತ್ತದೆ. ಈ ಎರಡರ ನಡುವೆ ಇಸ್ಲಾಮ್ ತೋರಿಸಿದ ದಾರಿ ಯಾವುದು?

ಹೃದಯದಲ್ಲಿ ಸಾಸಿವೆ ಕಾಳಿನಷ್ಟು ಅಹಂಕಾರ ಇರುವವನು ಸ್ವರ್ಗ ಪ್ರವೇಶಿಸಲಾರ ಎಂದು ಪ್ರವಾದಿ(ಸ) ಹೇಳಿದಾಗ ಒಬ್ಬರಿಗೆ ಸಂಶಯ ಬಂತು. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಧರಿಸಲು ಮನುಷ್ಯನಿಗೆ ಆಸೆ ಇರುತ್ತದಲ್ಲ, ಅದೂ ಅಹಂಕಾರವೇ ಎಂದು ಅವರು ಕೇಳಿದರು. ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದು ಪ್ರವಾದಿ(ಸ) ಉತ್ತರಿಸಿದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂದು ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಒಂದೇ ಹದೀಸ್‌ನಲ್ಲಿ ನಮಗೆ ಎರಡೂ ಸಿಗುತ್ತವೆ. ಚೆನ್ನಾಗಿ ಉಡುವುದು ತಪ್ಪಲ್ಲ. ಚೆನ್ನಾಗಿಲ್ಲ ಎಂದು ಇನ್ನೊಬ್ಬರನ್ನು ಹಳಿಯುವುದು ತಪ್ಪು.

ದಿನನಿತ್ಯದ ಸೌಂದರ್ಯ

ಕೆದರಿದ ತಲೆಗೂದಲಿನ ಒಬ್ಬರನ್ನು ಕಂಡಾಗ, ಕೂದಲನ್ನು ಸರಿಪಡಿಸಿಕೊಳ್ಳಲು ಇವರಿಗೆ ಏನೂ ಸಿಗಲಿಲ್ಲವೇ ಎಂದು ಪ್ರವಾದಿ(ಸ) ಕೇಳಿದ್ದರು. ಕೊಳೆಯಾದ ಬಟ್ಟೆಯವರನ್ನು ಕಂಡಾಗ, ಒಗೆಯಲು ನೀರು ಸಿಗಲಿಲ್ಲವೇ ಎಂದು ವಿಚಾರಿಸಿದ್ದರು. ಉಗುರು ಕತ್ತರಿಸಲು, ಮೀಸೆ ಸವರಲು ನಲವತ್ತು ದಿನ ಮೀರಬಾರದು ಎಂಬ ಗಡುವಿದೆ. ಸಮುದಾಯಕ್ಕೆ ಕಷ್ಟವಾಗದಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕ್ ಕಡ್ಡಾಯ ಮಾಡುತ್ತಿದ್ದೆ ಎಂಬ ಮಾತಿದೆ. ಶುಕ್ರವಾರ ಸ್ನಾನ ಮಾಡಿ, ಇರುವುದರಲ್ಲಿ ಒಳ್ಳೆಯ ಬಟ್ಟೆ ಧರಿಸಿ, ಸುಗಂಧ ಪೂಸಿ ಜುಮಾಕ್ಕೆ ಬರಬೇಕೆಂಬ ಬೋಧನೆಯಿದೆ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂಬ ಎಚ್ಚರಿಕೆಯೂ ಇದೆ. ಪಕ್ಕದಲ್ಲಿ ನಿಂತವರಿಗೆ ತೊಂದರೆಯಾಗದಿರುವುದೂ ಸೌಂದರ್ಯದ ಭಾಗವೇ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಾಗಿಲ್ಲ. ಬಡವನೂ ಮಾಡಬಹುದು, ಶ್ರೀಮಂತನೂ ಮಾಡಬಹುದು. ಇಸ್ಲಾಮ್ ನಮ್ಮಿಂದ ಬಯಸುವುದು ನಮ್ಮ ಕೈಯಲ್ಲಿರುವ ಸೌಂದರ್ಯವನ್ನು. ಹುಟ್ಟಿನಿಂದ ಬಂದ ಎತ್ತರ, ಬಣ್ಣ, ಮೂಗಿನ ಆಕಾರ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಮದರಂಗಿಯ ಉದಾಹರಣೆ ನೋಡೋಣ. ಗೋರಂಟಿ ಎಂದರೂ ಅದೇ, ಮೈಲಾಂಜಿ ಎಂದರೂ ಅದೇ. ಅದರ ಎಲೆಯಲ್ಲಿರುವ ಬಣ್ಣದ ಅಂಶವು ಚರ್ಮದ ಮೇಲ್ಪದರಕ್ಕೆ ಅಂಟಿಕೊಂಡು ಕೆಂಪು ಮೂಡಿಸುತ್ತದೆ. ಗಿಡ ಒಂದೇ, ಚಿತ್ತಾರ ಮಾತ್ರ ಊರಿಗೊಂದು. ಮೊರಾಕ್ಕೊದಲ್ಲಿ ಗೆರೆ, ಚೌಕ, ತ್ರಿಕೋನಗಳು. ಸುಡಾನಿನಲ್ಲಿ ದಪ್ಪನೆಯ ಕಡುಬಣ್ಣದ ಹೂಗಳು. ನಮ್ಮಲ್ಲಿ ಎಳೆಎಳೆಯಾದ ಬಳ್ಳಿಗಳು. ಇವುಗಳಲ್ಲಿ ಯಾವುದು ಸರಿಯಾದ ಮದರಂಗಿ ಎಂದು ಯಾರೂ ಕೇಳುವುದಿಲ್ಲ. (ಬೇಗ ಕಪ್ಪಾಗಲೆಂದು ರಾಸಾಯನಿಕ ಬೆರೆಸಿದ ‘ಕಪ್ಪು ಮದರಂಗಿ’ಯಿಂದ ಚರ್ಮ ಸುಟ್ಟಂತಾಗಿ ಗುಳ್ಳೆ ಏಳುವುದುಂಟು. ಮಕ್ಕಳ ಕೈಗೆ ಅದನ್ನು ಹಚ್ಚಬೇಡಿ.)

ಆರಾಧನೆಯ ಸೌಂದರ್ಯ

ನಮ್ಮ ಮಸೀದಿಗಳನ್ನೇ ಗಮನಿಸಿ. ಗುಂಬಜ್ ಮತ್ತು ಮಿನಾರ ಇದ್ದರೆ ಮಾತ್ರ ಮಸೀದಿ ಎಂದು ಈಗಿನ ಮಕ್ಕಳು ಚಿತ್ರ ಬರೆಯುತ್ತಾರೆ. ಆದರೆ ಆಫ್ರಿಕಾದ ಮಾಲಿ ದೇಶದ ಜೆನ್ನೆ ಪಟ್ಟಣದ ದೊಡ್ಡ ಮಸೀದಿ ಇಡಿಯಾಗಿ ಮಣ್ಣಿನದು. ಈಗಿರುವ ಕಟ್ಟಡ 1907ರದ್ದು. ಗೋಡೆಗಳಿಂದ ತಾಳೆ ಮರದ ತುಂಡುಗಳು ಹೊರಚಾಚಿಕೊಂಡಿವೆ. ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ, ಆ ಮರದ ತುಂಡುಗಳ ಮೇಲೆ ಹತ್ತಿ ನಿಂತು, ಗೋಡೆಗೆ ಹೊಸ ಮಣ್ಣು ಮೆತ್ತುತ್ತದೆ. ಮಹಿಳೆಯರು ನೀರು ಹೊತ್ತು ತರುತ್ತಾರೆ, ಮಕ್ಕಳು ಮಣ್ಣು ತುಳಿಯುತ್ತಾರೆ.

ಚೀನಾದ ಶಿಯಾನ್ ನಗರದ ದೊಡ್ಡ ಮಸೀದಿಯಲ್ಲಿ ಗುಂಬಜ್ ಇಲ್ಲ. ಒಂದರ ಹಿಂದೆ ಒಂದು ಅಂಗಳ, ಬಾಗಿದ ಅಂಚಿನ ಮರದ ಛಾವಣಿ, ಒಳಗೆ ಕುರ್‌ಆನಿನ ವಚನಗಳ ಕೆತ್ತನೆ. ದೂರದಿಂದ ನೋಡಿದವರಿಗೆ ಅದು ಚೀನೀಯರ ಹಳೆಯ ಅರಮನೆಯಂತೆ ಕಾಣುತ್ತದೆ. ನಮ್ಮ ಕರಾವಳಿಯ ಹಳೆಯ ಮಸೀದಿಗಳೂ ಹಾಗೆಯೇ. ಮಳೆ ಸುರಿಯುವ ನಾಡಿಗೆ ತಕ್ಕಂತೆ ಇಳಿಜಾರು ಹೆಂಚಿನ ಮಾಡು, ಮರದ ಕಂಬಗಳು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಾಂಗಣದ ಮರದ ಕೆತ್ತನೆಯನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ.

ಮಣ್ಣು, ಮರ, ಕಲ್ಲು ಎಲ್ಲವೂ ಒಂದೇ ಕಿಬ್ಲಾದ ಕಡೆಗೆ ಮುಖ ಮಾಡಿವೆ. ಮಣ್ಣಿನ ಮಸೀದಿ ಕಂದು ಬಣ್ಣದ್ದು ಎಂದು ಅಲ್ಲಿ ಮಾಡಿದ ನಮಾಝಿನ ಬೆಲೆ ಕಡಿಮೆ ಎನ್ನುವವರಿಲ್ಲ. ಮಸೀದಿಯ ಗೋಡೆಯ ಬಣ್ಣಕ್ಕೆ ಕೊಡುವ ಈ ಗೌರವವನ್ನು ಮನುಷ್ಯನ ಮೈಬಣ್ಣಕ್ಕೆ ನಾವು ಕೊಡುತ್ತಿದ್ದೇವೆಯೇ?

ಶರೀರದ ಸೌಂದರ್ಯ: ಬದಲಾಗುವ ಅಳತೆಗಳು

ಶರೀರದ ಸೌಂದರ್ಯಕ್ಕೆ ಜನರು ಇಟ್ಟ ಅಳತೆಗಳು ಎಂದೂ ಒಂದೇ ಆಗಿರಲಿಲ್ಲ. ಜಪಾನಿನಲ್ಲಿ ಒಂದು ಕಾಲಕ್ಕೆ ವಿವಾಹಿತ ಮಹಿಳೆಯರು ಕಬ್ಬಿಣದ ದ್ರಾವಣದಿಂದ ಹಲ್ಲುಗಳನ್ನು ಕಪ್ಪು ಮಾಡಿಕೊಳ್ಳುತ್ತಿದ್ದರು. ಮಿರಿಮಿರಿ ಮಿಂಚುವ ಕಪ್ಪು ಹಲ್ಲೇ ಅಲ್ಲಿ ಚೆಲುವು. 1873ರಲ್ಲಿ ಮಹಾರಾಣಿಯೇ ಅದನ್ನು ಬಿಟ್ಟ ಮೇಲೆ ಆ ರೂಢಿ ಕ್ರಮೇಣ ಅಳಿಯಿತು. ಚೀನಾದಲ್ಲಿ ಎಳೆಯ ಹುಡುಗಿಯರ ಪಾದಗಳನ್ನು ಬಿಗಿಯಾಗಿ ಕಟ್ಟಿ, ಮೂಳೆ ಮುರಿದು, ಬೆಳೆಯದಂತೆ ಮಾಡುತ್ತಿದ್ದರು. ಪಾದ ಪುಟ್ಟದಾದಷ್ಟೂ ಒಳ್ಳೆಯ ಸಂಬಂಧ ಕೂಡಿಬರುತ್ತದೆ ಎಂಬ ನಂಬಿಕೆ ಅದು. 1912ರಲ್ಲಿ ಹೊಸ ಗಣರಾಜ್ಯವು ಅದನ್ನು ನಿಷೇಧಿಸಿತು.

ಮುಸ್ಲಿಮ್ ಸಮಾಜಗಳೂ ಇದರಿಂದ ಹೊರತಲ್ಲ. ಮಾರಿಟೇನಿಯಾದಲ್ಲಿ ದಪ್ಪಗಿರುವುದು ಶ್ರೀಮಂತಿಕೆಯ ಮತ್ತು ಚೆಲುವಿನ ಗುರುತು. ಅದಕ್ಕಾಗಿ ಪುಟ್ಟ ಹುಡುಗಿಯರಿಗೆ ಬಲವಂತವಾಗಿ ಹಾಲು, ಗಂಜಿ ಕುಡಿಸಿ ಮೈ ತುಂಬಿಸುವ ಪದ್ಧತಿ ಇತ್ತು. ಕೆಲವೆಡೆ ಇನ್ನೂ ಉಳಿದಿದೆ. ನಮ್ಮಲ್ಲಾದರೋ ಅದೇ ಹುಡುಗಿಯನ್ನು ದಪ್ಪ ಎಂದು ತಿರಸ್ಕರಿಸುತ್ತಾರೆ. ಒಂದೂರಿನ ಚೆಲುವು ಇನ್ನೊಂದೂರಿನ ಕೊರತೆ. ಇಂತಹ ಅಳತೆಯನ್ನು ಹಿಡಿದು ಒಂದು ಹೆಣ್ಣುಮಗಳ ಬಾಳನ್ನು ತೂಗುವುದು ಎಷ್ಟು ಸರಿ?

ನಮ್ಮ ನಾಡಿನ ಅಳತೆ ಬಿಳಿಬಣ್ಣ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಆಂಡ್ ಲವ್ಲಿ’ ಕ್ರೀಮ್ 2020ರಲ್ಲಿ ‘ಗ್ಲೋ ಆಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ನಮ್ಮ ಮನೆಯ ಮಾತು ಬದಲಾಗಲಿಲ್ಲ. ‘ಹುಡುಗಿ ಒಳ್ಳೆಯವಳು, ಆದರೆ ಬಣ್ಣ ಸ್ವಲ್ಪ ಕಡಿಮೆ’ ಎಂಬ ಮಾತು ಆ ಹುಡುಗಿಯ ಕಿವಿಗೆ ಬೀಳದೆ ಇರುವುದಿಲ್ಲ. ನಾಲ್ಕು ಬಾರಿ ಕೇಳಿದ ಮೇಲೆ ಅವಳು ಕನ್ನಡಿಯ ಮುಂದೆ ನಿಂತು ತನ್ನನ್ನೇ ದ್ವೇಷಿಸಲು ಕಲಿಯುತ್ತಾಳೆ. ಆಮೇಲೆ ಹುಡುಕುವುದು ತಯಾರಕರ ವಿವರವೇ ಇಲ್ಲದ ಅಗ್ಗದ ಕ್ರೀಮುಗಳನ್ನು. ಅಂತಹ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಮ್ ಹಚ್ಚಿದವರು ಮೂತ್ರಪಿಂಡದ ಕಾಯಿಲೆಗೆ ತುತ್ತಾದ ವಿಷಯ 2023ರಲ್ಲಿ ಬೆಳಕಿಗೆ ಬಂದಿತ್ತು.

ಭಾಷೆ ಮತ್ತು ಬಣ್ಣಗಳ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿದ್ದು ಎಂದು ಕುರ್‌ಆನಿನ ಸೂರಃ ಅರ್‍ರೂಮ್ (30:22) ತಿಳಿಸುತ್ತದೆ. ಆಕಾಶ, ಭೂಮಿಗಳ ಸೃಷ್ಟಿಯ ಜೊತೆಗೇ ಅದರ ಪ್ರಸ್ತಾಪ ಬಂದಿದೆ. ಅಲ್ಲಾಹನು ದೃಷ್ಟಾಂತ ಎಂದದ್ದನ್ನು ನಾವು ಕೊರತೆ ಎಂದರೆ ಅದು ಯಾರ ಮೇಲಿನ ದೂರು?

ಪ್ರವಾದಿ(ಸ) ತೋರಿದ ಮಾದರಿ

ಝಾಹಿರ್(ರ) ಎಂಬ ಹಳ್ಳಿಗಾಡಿನ ಸಹಾಬಿಯೊಬ್ಬರಿದ್ದರು. ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಒಂದು ದಿನ ಅವರು ಪೇಟೆಯಲ್ಲಿ ಸಾಮಾನು ಮಾರುತ್ತಿದ್ದಾಗ ಪ್ರವಾದಿ(ಸ) ಹಿಂದಿನಿಂದ ಬಂದು ಅಪ್ಪಿಕೊಂಡರು. ಈ ಗುಲಾಮನನ್ನು ಯಾರು ಕೊಳ್ಳುತ್ತೀರಿ ಎಂದು ತಮಾಷೆ ಮಾಡಿದರು. ನನಗೆ ಬೆಲೆ ಬರುವುದಿಲ್ಲ ಎಂದರು ಝಾಹಿರ್(ರ). ಆದರೆ ಅಲ್ಲಾಹನ ಬಳಿ ನೀನು ಬೆಲೆಯುಳ್ಳವನು ಎಂದು ಪ್ರವಾದಿ(ಸ) ಹೇಳಿದರು. ತಿರ್ಮಿದಿಯವರ ಶಮಾಇಲ್‌ನಲ್ಲಿ ಈ ಘಟನೆಯಿದೆ. ಜನರೆಲ್ಲ ನೋಡುತ್ತಿರುವ ಪೇಟೆಯ ನಡುವೆ ಆ ಅಪ್ಪುಗೆ ನಡೆಯಿತು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಮದುವೆಗೆ ರೂಪ ನೋಡಲೇಬಾರದೇ? ನೋಡಬಹುದು. ಮದುವೆಗೆ ಮುನ್ನ ಹುಡುಗಿಯನ್ನು ನೋಡಲು ಪ್ರವಾದಿ(ಸ) ಅನುಮತಿಸಿದ್ದಾರೆ. ಸಂಪತ್ತು, ಮನೆತನ, ಸೌಂದರ್ಯ, ಧರ್ಮನಿಷ್ಠೆ ಎಂಬ ನಾಲ್ಕನ್ನು ನೋಡಿ ಜನರು ಮದುವೆಯಾಗುತ್ತಾರೆ, ನೀವು ಧರ್ಮನಿಷ್ಠೆಯನ್ನು ಆರಿಸಿಕೊಳ್ಳಿ ಎಂದಿದ್ದಾರೆ. ಮನಸ್ಸಿಗೆ ಒಪ್ಪಿಗೆಯಾಗುವುದು ಬೇರೆ, ಹತ್ತು ಮನೆಗಳಲ್ಲಿ ತಿಂಡಿ ತಿಂದು ಹತ್ತು ಹುಡುಗಿಯರ ಬಣ್ಣಕ್ಕೆ ಹೆಸರಿಟ್ಟು ಬರುವುದು ಬೇರೆ. ಎರಡನೆಯದು ಜನರನ್ನು ಕೀಳಾಗಿ ಕಾಣುವುದು. ಸಾಸಿವೆ ಕಾಳಿನ ಎಚ್ಚರಿಕೆ ಇರುವುದು ಅದಕ್ಕೇ.

ನಾವು ಏನು ಮಾಡೋಣ?

ಸಂಬಂಧ ಹುಡುಕುವಾಗ ಮಧ್ಯಸ್ಥರಿಗೆ ಬಣ್ಣದ ಷರತ್ತು ಹೇಳುವುದನ್ನು ನಿಲ್ಲಿಸೋಣ. ಹೊಂದಿಕೆಯಾಗದಿದ್ದರೆ ಕಾರಣ ಹೇಳದೆ ಗೌರವದಿಂದ ತಿಳಿಸೋಣ. ಹುಟ್ಟಿದ ಮಗುವನ್ನು ನೋಡಲು ಹೋದಾಗ ಯಾರ ಬಣ್ಣ ಬಂದಿದೆ ಎಂದು ಕೇಳುವ ಬದಲು ಬರ್ಕತ್‌ಗಾಗಿ ದುಆ ಮಾಡೋಣ. ಮಕ್ಕಳನ್ನು ‘ಕರಿಯ’, ‘ಕಪ್ಪಿ’ ಎಂದು ಪ್ರೀತಿಯಿಂದಲಾದರೂ ಕರೆಯದಿರೋಣ. ಶುಚಿಯಾದ ಬಟ್ಟೆ, ಬಾಚಿದ ತಲೆ, ಹಿತವಾದ ಮಾತು ಇವನ್ನು ಕಂಡಾಗ ಬಾಯಿತುಂಬ ಹೊಗಳೋಣ. ಮಕ್ಕಳು ತಮ್ಮಿಂದ ಆಗುವುದನ್ನು ಚೆಲುವು ಎಂದು ತಿಳಿದು ಬೆಳೆಯುತ್ತಾರೆ.

ನನ್ನ ರೂಪವನ್ನು ನೀನು ಸುಂದರಗೊಳಿಸಿದಂತೆ ನನ್ನ ನಡತೆಯನ್ನೂ ಸುಂದರಗೊಳಿಸು ಎಂದು ಪ್ರವಾದಿ(ಸ) ಪ್ರಾರ್ಥಿಸುತ್ತಿದ್ದರು. ಈ ದುಆದ ಮೊದಲರ್ಧವನ್ನು ನಮ್ಮ ಹೆಣ್ಣುಮಕ್ಕಳು ಮನಸಾರೆ ಹೇಳುವಂತಾಗಬೇಕು. ಅದಕ್ಕೆ ಅಡ್ಡ ಬರುವ ಮಾತು ನಮ್ಮ ನಾಲಿಗೆಯಿಂದ ಹೊರಡದಿರಲಿ. ಅಲ್ಲಾಹನು ನಮ್ಮೆಲ್ಲರ ನಡತೆಯನ್ನು ಸುಂದರಗೊಳಿಸಲಿ. ಆಮೀನ್.