ಮೊದಲ ಮ್ಯಾರಥಾನ್‌ಗೆ ಹೊರಟವರ ಕಾಲಿಗೆ



ಮುಂಬಯಿ ಮ್ಯಾರಥಾನ್ ನಡೆಯುವುದು ಜನವರಿಯಲ್ಲಿ. ಆದರೆ ಅದರ ತಯಾರಿ ಶುರುವಾಗುವುದು ಮಳೆಗಾಲದಲ್ಲಿ, ಕೊಡೆ ಹಿಡಿದು ನಡೆಯುವವರೇ ಜಾರಿ ಬೀಳುವ ದಿನಗಳಲ್ಲಿ. ಈ ಸಲ ನಮ್ಮ ಬಳಗದ ಮಕ್ಕಳಲ್ಲಿ ಕೆಲವರು "ಆಂಟಿ, ನಾನೂ ಫುಲ್ ಓಡ್ತೇನೆ" ಎನ್ನುತ್ತಿದ್ದೀರಿ. ಬಹಳ ಸಂತೋಷ. ಅದರ ಬೆನ್ನಿಗೇ ಬರುವ ಪ್ರಶ್ನೆ, "ಶೂ ಯಾವುದು ತಗೊಳ್ಳಲಿ?" ಓಡದ ಗೃಹಿಣಿಗೆ ಇದೆಲ್ಲ ಏನು ಗೊತ್ತು ಎಂದು ನಗಬೇಡಿ. ಮಗಳು ತನ್ನ ಮೊದಲ ಮ್ಯಾರಥಾನ್‌ಗೆ ತಯಾರಾದ ವರ್ಷ ಅವಳ ಜೊತೆ ಅಂಗಡಿಯಿಂದ ಅಂಗಡಿಗೆ ಅಲೆದವಳು ನಾನು. ಅವಳ ಒದ್ದೆ ಶೂ ಒಣಗಿಸಿದವಳೂ ನಾನೇ.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಾದ್ದರಿಂದ ಒಂದು ಮಾತು ಹೇಳದೆ ಇರಲಾರೆ. ಮ್ಯಾರಥಾನ್ ಎಂಬ ಓಟ ಹುಟ್ಟಿದ್ದರಲ್ಲಿ ಒಂದು ಕವಿತೆಯ ಪಾತ್ರವೂ ಇದೆ. ರಾಬರ್ಟ್ ಬ್ರೌನಿಂಗ್ 1879ರಲ್ಲಿ 'ಫಿಡಿಪಿಡೀಸ್' ಎಂಬ ಕವನ ಪ್ರಕಟಿಸಿದ. ಗೆಲುವಿನ ಸುದ್ದಿ ಹೊತ್ತು ಅಥೆನ್ಸಿಗೆ ಓಡಿ ಬಂದು ಪ್ರಾಣಬಿಟ್ಟ ದೂತನ ಕಥೆ ಅದರಿಂದ ಮನೆಮಾತಾಯಿತು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಸುಮಾರು 40 ಕಿಲೋಮೀಟರ್. 42.195 ಎಂಬ ವಿಚಿತ್ರ ಅಂಕಿ 1908ರ ಲಂಡನ್ ಒಲಿಂಪಿಕ್ಸ್‌ನದು, 1921ರಲ್ಲಿ ಅದೇ ಖಾಯಂ ಆಯಿತು.

ಅಷ್ಟು ದೂರಕ್ಕೆ ಹತ್ತಿರ ಹತ್ತಿರ ನಲವತ್ತು ಸಾವಿರ ಹೆಜ್ಜೆ ಬೇಕು. ಓಡುವಾಗ ಒಂದೊಂದು ಹೆಜ್ಜೆಗೂ ನಿಮ್ಮ ಮೈಭಾರದ ಎರಡು-ಮೂರು ಪಟ್ಟು ಹೊರೆ ಕಾಲಿನ ಮೇಲೆ ಬೀಳುತ್ತದೆ. ಶೂ ಒಂದು ಕಡೆ ಸ್ವಲ್ಪ ಒತ್ತಿದರೆ ಅದು ನಲವತ್ತು ಸಾವಿರ ಸಲ ಒತ್ತಿದಂತೆ, ಲೆಕ್ಕ ಹಾಕಿ. ಮಗಳ ಜೊತೆ ತಯಾರಿ ನಡೆಸಿದ ಹುಡುಗಿಯೊಬ್ಬಳು ಅರ್ಧ ಬೆಲೆಗೆ ಸಿಕ್ಕಿತೆಂದು ಒಂದು ನಂಬರ್ ಚಿಕ್ಕ ಶೂ ಕೊಂಡಳು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂದು ಅಂಗಡಿಯ ಹುಡುಗ ಹೇಳಿದ್ದನಂತೆ. ಚರ್ಮದ ಚಪ್ಪಲಿ ಸಡಿಲವಾದೀತು, ಈ ಶೂಗಳಲ್ಲಿ ಅಂಥ ಆಸೆ ಇಟ್ಟುಕೊಳ್ಳಬೇಡಿ. ಡಿಸೆಂಬರಿನ 30 ಕಿಲೋಮೀಟರ್ ಓಟ ಮುಗಿಸಿದಾಗ ಅವಳ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದ್ದವು. ನೋವು ತಪ್ಪಿಸಲು ಕಾಲು ಸೊಟ್ಟಗೆ ಊರಿ ಊರಿ ಮಂಡಿಯೂ ಹೋಯಿತು. ಆರು ತಿಂಗಳು ಬೆಳಗಿನ ನಾಲ್ಕೂವರೆಗೆ ಎದ್ದ ಹುಡುಗಿ ಜನವರಿಯಲ್ಲಿ ರಸ್ತೆ ಬದಿ ನಿಂತು ಬೇರೆಯವರಿಗೆ ಕಿತ್ತಳೆ ಹಂಚಿದಳು.

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ಪಾದದ ಕಮಾನಿನದು. ಒದ್ದೆ ಕಾಲನ್ನು ಕಾಗದದ ಮೇಲೆ ಊರಿ, ಅಷ್ಟಮಿಯ ದಿನ ಕೃಷ್ಣನ ಹೆಜ್ಜೆ ಮೂಡಿಸಿದ ಹಾಗೆ ಗುರುತು ನೋಡಿ, "ನಿಮ್ಮದು ಚಪ್ಪಟೆ ಪಾದ, ಈ ಶೂವೇ ಆಗಬೇಕು" ಎನ್ನುತ್ತಾರೆ. ಕೇಳಲು ಶಾಸ್ತ್ರೀಯವಾಗಿಯೇ ಇದೆ. ಆದರೆ ಅಮೆರಿಕದ ಸೇನೆಗಳ ತರಬೇತಿ ಶಿಬಿರಗಳಲ್ಲಿ ಪಾದದ ಆಕಾರ ನೋಡಿ ಶೂ ಕೊಟ್ಟವರನ್ನೂ, ನೋಡದೆ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರನ್ನೂ ಹೋಲಿಸಿದರು. ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2009-10ರ ಸುಮಾರಿಗೆ ಇವು ಪ್ರಕಟವಾದವು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಎಂಬ ತಜ್ಞರು 2015ರಲ್ಲಿ ಮುಂದಿಟ್ಟ ವಿಚಾರ ಇನ್ನೂ ಸರಳ: ಕಾಲಿಗೆ ಯಾವುದು ಹಿತವೋ ಅದನ್ನೇ ಆರಿಸಿ. ನಮ್ಮ ಅಜ್ಜಿಯಂದಿರು ಬಳೆ ತೊಡುವಾಗಲೂ ಇದೇ ನಿಯಮ ಪಾಲಿಸುತ್ತಿದ್ದರು, ಯಾರೂ ಪ್ರಬಂಧ ಬರೆಯಲಿಲ್ಲ ಅಷ್ಟೆ.

ಹಿತವೆಂಬುದನ್ನು ಪರೀಕ್ಷಿಸಲು ಸಂಜೆಯ ಹೊತ್ತಿಗೆ ಹೋಗಿ. ದಿನವಿಡೀ ನಿಂತು, ಲೋಕಲ್‌ನಲ್ಲಿ ನೇತಾಡಿ ಬಂದ ಪಾದ ಸ್ವಲ್ಪ ಊದಿರುತ್ತದೆ. ದೂರ ಓಡಿದಾಗಲೂ ಹಾಗೆಯೇ ಊದುವುದು. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಹೆಚ್ಚಿನವರ ಎರಡು ಪಾದ ಒಂದೇ ಅಳತೆ ಇರುವುದಿಲ್ಲ, ದೊಡ್ಡದರ ಅಳತೆಗೆ ಕೊಳ್ಳಿ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಉಳಿಯಬೇಕು, ಹಿಮ್ಮಡಿ ಮಾತ್ರ ಮೇಲೆದ್ದು ಬರಬಾರದು. ಕನ್ನಡಿ ಮುಂದೆ ನಿಂತು ಬಣ್ಣ ನೋಡಿದರೆ ಸಾಲದು. ಅಂಗಡಿಯೊಳಗೇ ನಾಲ್ಕು ಸುತ್ತು ಓಡಿ. ಮಗಳು ಓಡುವಾಗ ಉಳಿದ ಗಿರಾಕಿಗಳು ನಕ್ಕರು. ನಗಲಿ, ಪೆಡ್ಡರ್ ರೋಡಿನ ಏರು ಹತ್ತುವವರು ಅವರಲ್ಲವಲ್ಲ!

ಇನ್ನು ಕಾರ್ಬನ್ ತಗಡಿನ ಶೂಗಳ ಮೋಹ. 2019ರ ಅಕ್ಟೋಬರಿನಲ್ಲಿ ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಈ ದೂರ ಓಡಿದ್ದು ಅಂಥ ಶೂ ತೊಟ್ಟು. ಓಟದ ಏರ್ಪಾಡೇ ವಿಶೇಷವಾಗಿದ್ದರಿಂದ ಅದು ದಾಖಲೆಯಾಗಲಿಲ್ಲ. ಮರುವರ್ಷ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂಗಳ ಅಟ್ಟೆ 40 ಮಿಲಿಮೀಟರ್ ಮೀರಬಾರದೆಂದು ಕಟ್ಟಳೆ ಹಾಕಿತು. ಅತ್ತ ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಗೆದ್ದದ್ದು ಬರಿಗಾಲಲ್ಲಿ! 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಯೂ ಗೆದ್ದ. ಇಬ್ಬರನ್ನೂ ಮೆಚ್ಚಿಕೊಳ್ಳಿ, ಮೊದಲ ಸಲಕ್ಕೆ ಇಬ್ಬರನ್ನೂ ಅನುಕರಿಸಬೇಡಿ. ಇಪ್ಪತ್ತು ಸಾವಿರದ ಆಸುಪಾಸಿನ ಒಂದು ಜೊತೆಯ ಬದಲು ಸಾಧಾರಣ ಬೆಲೆಯ ಎರಡು ಜೊತೆ ಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಎರಡು ಜೊತೆ ಯಾಕೆಂದರೆ, ಒಂದು, ನಮ್ಮ ಮಳೆ. ನೆನೆದ ಶೂ ಮರುದಿನ ಬೆಳಗಿಗೆ ಒಣಗುವುದಿಲ್ಲ, ಒದ್ದೆ ಶೂವಿನಲ್ಲಿ ಓಡಿದರೆ ಗುಳ್ಳೆ ಏಳುತ್ತದೆ. ಒಳಗಿನ ಅಟ್ಟೆ ಹೊರತೆಗೆದು, ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಕಾಗದ ಬದಲಿಸಿ ಫ್ಯಾನಿನ ಕೆಳಗಿಡಿ. ಒಲೆಯ ಹತ್ತಿರವಾಗಲಿ ಉರಿಬಿಸಿಲಿನಲ್ಲಾಗಲಿ ಇಟ್ಟರೆ ಅಂಟು ಬಿಡುತ್ತದೆ. ಇನ್ನೊಂದು, ಸವೆತ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಶೂವಿನ ಮೆತ್ತೆ ಸೋಲುತ್ತದೆ ಎನ್ನುತ್ತಾರೆ. ವಾರಕ್ಕೆ 40 ಕಿಲೋಮೀಟರ್ ಓಡುವವರ ಶೂ ಜುಲೈಯಿಂದ ನವೆಂಬರಿನೊಳಗೆ ಆ ಗಡಿಗೆ ಬಂದೇ ಬರುತ್ತದೆ. ಕೊಂಡ ದಿನಾಂಕವನ್ನು ಶೂವಿನ ಒಳಬದಿಗೆ ಪೆನ್ನಿನಲ್ಲಿ ಬರೆದಿಡಿ.

ಎರಡನೆಯ ಜೊತೆಯನ್ನು ನವೆಂಬರ್ ಕೊನೆಗೆ, ಕಾಲಿಗೆ ಒಗ್ಗಿದ ಅದೇ ಮಾದರಿಯಲ್ಲಿ ಕೊಳ್ಳಿ. ಅಪ್ಪನ ಹತ್ತಿರ ಹಣ ಕೇಳುವುದಿದ್ದರೆ ದೀಪಾವಳಿಯ ಉಡುಗೊರೆ ಎಂದು ಮೊದಲೇ ಹೇಳಿಟ್ಟಿರಿ. ಡಿಸೆಂಬರಿನಲ್ಲಿ ಅದನ್ನು ತೊಟ್ಟು ಒಂದಾದರೂ ದೂರದ ಓಟ ಆಗಲಿ. ಓಟದ ಮುನ್ನಾದಿನ ಮಾರಾಟಕ್ಕಿಡುವ ಮಿರುಗುವ ಹೊಸ ಶೂಗಳನ್ನು ನೋಡಿ ಬನ್ನಿ, ತೊಡುವುದು ಮಾತ್ರ ಮನೆಯ ಬಾಗಿಲಲ್ಲಿ ಬಿಟ್ಟು ಬಂದ ಆ ಕೊಳೆಯಾದ ಜೊತೆಯನ್ನೇ.