ಮೀನುಗಾರಿಕಾ ದೋಣಿಯ ಜಾಡು: ಒಳನಾಡಿನ ವರ್ತಕರಿಗೊಂದು ವಿವರಣೆ

ಬಂಡೀಪುರದ ರಾತ್ರಿ ಸಂಚಾರ ನಿಷೇಧದಿಂದ ಮದ್ದೂರು ಗೇಟಿನಲ್ಲಿ ನಿಂತ ಲಾರಿಯ ನೆಲೆಯನ್ನು ಗುಂಡ್ಲುಪೇಟೆ, ಚಾಮರಾಜನಗರಗಳ ಮಾಲೀಕರು ಮೊಬೈಲಿನಲ್ಲೇ ಅರಿಯಬಲ್ಲರು. ಮೊಬೈಲ್ ಗೋಪುರಗಳಿಲ್ಲದ ಆಳಸಮುದ್ರದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಎಐಎಸ್ ಎಂಬ ಉಪಕರಣವು ದೋಣಿಯ ಹೆಸರು, ಸ್ಥಾನ, ವೇಗ ಹಾಗೂ 9 ಅಂಕಿಗಳ ಗುರುತುಸಂಖ್ಯೆಯನ್ನು (ಭಾರತದ್ದು 419ರಿಂದ ಆರಂಭ) ರೇಡಿಯೊ ಮೂಲಕ ಬಿತ್ತರಿಸುತ್ತದೆ. ದಡ ದೂರವಾದಂತೆ ಈ ಸಂಕೇತ ದಡದ ಕೇಂದ್ರಗಳಿಗೆ ತಲುಪದು, ಉಪಕರಣವನ್ನು ಆರಿಸಲೂಬಹುದು. ಆದುದರಿಂದ ನಕ್ಷೆಯಲ್ಲಿ ಕಾಣುವ ಕೊನೆಯ ಸ್ಥಾನವೇ ಈಗಿನ ಸ್ಥಾನವೆಂದು ಭಾವಿಸಲಾಗದು.

2018ರ ಡಿಸೆಂಬರ್ 13ರಂದು 7 ಮೀನುಗಾರರೊಡನೆ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿಯು 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ನೌಕಾಪಡೆಗೆ ಅದರ ಅವಶೇಷ ದೊರೆತದ್ದು 2019ರ ಮೇ ತಿಂಗಳಲ್ಲಿ. ನಾಲ್ಕು ತಿಂಗಳಿಗೂ ಮಿಗಿಲಾಗಿ ಆ ಮನೆಗಳವರು ಅಳಲೂ ಆಗದೆ ಕಾದರು. ಇಂಥಲ್ಲಿ ವಿಮೆಯ ಕ್ಲೇಮಿಗೂ ಪುರಾವೆ ಸುಲಭವಾಗಿ ಒದಗದು.

2024ರ ಆಗಸ್ಟ್ 30ರಂದು ಚಾಲನೆ ಪಡೆದ ಕೇಂದ್ರ ಯೋಜನೆಯು ಹಂತಹಂತವಾಗಿ 1 ಲಕ್ಷ ದೋಣಿಗಳಿಗೆ ಇಸ್ರೋ ತಂತ್ರಜ್ಞಾನದ ಉಪಗ್ರಹ ಟ್ರಾನ್ಸ್‌ಪಾಂಡರ್ ಒದಗಿಸುವ ಉದ್ದೇಶದ್ದು. ಅದರಿಂದ ದಡಕ್ಕೂ ದೋಣಿಗೂ ಪರಸ್ಪರ ಸಂದೇಶ ಸಾಧ್ಯ.

ಕರಾವಳಿಯ ದೋಣಿಗೆ ಮುಂಗಡ ನೀಡುವ ನಮ್ಮ ವರ್ತಕರು ಹೆಸರನ್ನಷ್ಟೇ ನಂಬಬಾರದು. ಒಂದೇ ದೇವರ ಹೆಸರು ಹತ್ತು ದೋಣಿಗಳಿಗಿರುತ್ತದೆ. 'ಐಎನ್‌ಡಿ-ಕೆಎ' ಎಂದು ಆರಂಭವಾಗುವ ನೋಂದಣಿ ಸಂಖ್ಯೆಯು ದೋಣಿಯ ಮೈಮೇಲೆ, ಪರವಾನಗಿಯಲ್ಲಿ, ವಿಮಾ ಪಾಲಿಸಿಯಲ್ಲಿ ಒಂದೇ ಇದೆಯೇ ಎಂಬುದನ್ನು ಹಣ ಕೊಡುವ ಮುನ್ನ ತಾಳೆ ನೋಡತಕ್ಕದ್ದು.